ಅಪರಾಧದ ಒಳಗೊಂದು ವಿನಾಯಿತಿ: ಭಾರತದಲ್ಲಿ ಗರ್ಭಪಾತ ಕಾನೂನು ನಡೆದು ಬಂದ ದಾರಿ

ಭಾರತದಲ್ಲಿ ಗರ್ಭಪಾತ ಇಂದಿಗೂ ಮೊದಲು ಅಪರಾಧ, ಆಮೇಲೆ ವಿನಾಯಿತಿ. ಈ ಅನುಕ್ರಮವನ್ನು ಮರೆತರೆ ಕಳೆದ ಒಂದೂವರೆ ಶತಮಾನದಲ್ಲಿ ಸರ್ಕಾರ ಈ ವಿಷಯದಲ್ಲಿ ವಹಿಸಿದ ಪಾತ್ರ ಅರ್ಥವಾಗುವುದಿಲ್ಲ. ಮೆಕಾಲೆಯ ನೇತೃತ್ವದ ಆಯೋಗ 1837ರಲ್ಲಿ ಕರಡು ರೂಪಿಸಿದ, 1860ರಲ್ಲಿ ಅಂಗೀಕಾರ ಪಡೆದ ಭಾರತೀಯ ದಂಡಸಂಹಿತೆಯ 312ನೆಯ ಕಲಂ, ಗರ್ಭಪಾತ ಮಾಡಿಸಿದವರಿಗೆ ಮೂರು ವರ್ಷಗಳವರೆಗೆ, ಗರ್ಭದಲ್ಲಿ ಮಗು ಮಿಸುಕಾಡತೊಡಗಿದ ಮೇಲೆ ಮಾಡಿಸಿದ್ದಾದರೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಿತು. ತಾಯಿಯ ಜೀವ ಉಳಿಸಲೆಂದು ಸದ್ಭಾವನೆಯಿಂದ ಮಾಡಿದ್ದನ್ನು ಮಾತ್ರ ಹೊರಗಿಟ್ಟಿತು. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಂಗಸೂ ಅಪರಾಧಿಯೇ ಎಂದು ಕಲಮಿಗೆ ಜೋಡಿಸಿದ ವಿವರಣೆ ಸಂದೇಹಕ್ಕೆಡೆಯಿಲ್ಲದಂತೆ ಹೇಳಿತು. 2024ರ ಜುಲೈ 1ರಂದು ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗಲೂ ಈ ಕಲಂ ಹೋಗಲಿಲ್ಲ. 88ನೆಯ ಸಂಖ್ಯೆ ಪಡೆದು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಬ್ರಿಟಿಷರ ಕಾನೂನಿಗೆ ಮೊದಲು ಈ ನೆಲದಲ್ಲಿ ಗರ್ಭಪಾತಕ್ಕೆ ಖಂಡನೆ ಇರಲಿಲ್ಲವೆಂದಲ್ಲ. ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಘೋರ ಪಾತಕವೆಂದು ಎಣಿಸಿದ್ದವು, ಆದರೆ ಅಲ್ಲಿನ ಉತ್ತರ ಪ್ರಾಯಶ್ಚಿತ್ತ ಮತ್ತು ಬಹಿಷ್ಕಾರಗಳಾಗಿದ್ದವೇ ಹೊರತು ಪೊಲೀಸು, ಸೆರೆಮನೆಗಳಾಗಿರಲಿಲ್ಲ. ಬದುಕಿರುವ ಹೆಣ್ಣಿಗೆ ತಂದೆಯೇ ಶ್ರಾದ್ಧ ಮಾಡಿ ಅವಳನ್ನು ಕುಲದಿಂದ ಕಳಚಿಬಿಡುವ ಆಚರಣೆಯನ್ನು ಕನ್ನಡ ಓದುಗರು ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಿಂದಲೂ, ಅದನ್ನು ಆಧರಿಸಿ 1977ರಲ್ಲಿ ಗಿರೀಶ್ ಕಾಸರವಳ್ಳಿಯವರು ಮಾಡಿದ ಚಿತ್ರದಿಂದಲೂ ಬಲ್ಲರು. ಅಲ್ಲಿ ಬಸಿರಾದ ವಿಧವೆಗೆ ಶಿಕ್ಷೆ ಕೊಡಲು ಸರ್ಕಾರದ ಅಗತ್ಯ ಬೀಳುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ದಂಡನೆಗಳು ಒಂದರ ಮೇಲೊಂದು ಬಂದು ಕೂತವು: 1856ರ ಕಾನೂನು ವಿಧವೆಯ ಮರುಮದುವೆಗೆ ಒಪ್ಪಿಗೆ ಕೊಟ್ಟರೂ ಮೇಲುಜಾತಿಗಳು ಒಪ್ಪಿಗೆ ಕೊಡಲಿಲ್ಲ, ಬಸಿರನ್ನು ಮುಚ್ಚಿಡಬೇಕೆಂದು ಸಮಾಜ ಒತ್ತಾಯಿಸುತ್ತಿತ್ತು, ಮುಚ್ಚಿಟ್ಟದ್ದು ಬಯಲಾದರೆ ನ್ಯಾಯಾಲಯ ಕಾದಿತ್ತು. ಜೋತಿಬಾ ಫುಲೆ ದಂಪತಿ 1863ರಲ್ಲಿ ಪುಣೆಯಲ್ಲಿ ವಿಧವೆಯರು ಗುಟ್ಟಾಗಿ ಹೆತ್ತು ಹೋಗಬಹುದಾದ ಆಶ್ರಯವೊಂದನ್ನು ತೆರೆದದ್ದು ಈ ಇಕ್ಕಟ್ಟಿಗೆ ಉತ್ತರವಾಗಿ. 1881ರಲ್ಲಿ ಸೂರತ್ತಿನಲ್ಲಿ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ ತನ್ನ ಶಿಶುವನ್ನು ಕೊಂದಳೆಂದು ಮರಣದಂಡನೆಯಾಗಿ, ಮೇಲ್ಮನವಿಯ ನಂತರ ಅದು ಗಡೀಪಾರಾಗಿ ಇಳಿಯಿತು. ಪತ್ರಿಕೆಗಳು ಇದನ್ನೇ ನೆಪ ಮಾಡಿಕೊಂಡು ಹೆಂಗಸರ ನಡತೆಯ ಮೇಲೆ ಉಪದೇಶ ಸುರಿಸಿದಾಗ ಸಿಟ್ಟಿಗೆದ್ದ ತಾರಾಬಾಯಿ ಶಿಂದೆ ಮರುವರ್ಷ ಮರಾಠಿಯಲ್ಲಿ ‘ಸ್ತ್ರೀ ಪುರುಷ ತುಲನಾ’ ಬರೆದು, ಬಸಿರು ಮಾಡಿದ ಗಂಡಸಿಗೆ ಯಾವ ಶಿಕ್ಷೆ ಎಂಬ ಪ್ರಶ್ನೆಯನ್ನು ಎತ್ತಿದರು. ಆ ಪ್ರಶ್ನೆಗೆ ಯಾವ ಕಲಮೂ ಉತ್ತರಿಸಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರಕ್ಕೆ ಬಸಿರಿನ ಬಗ್ಗೆ ಇನ್ನೊಂದು ಬಗೆಯ ಆಸಕ್ತಿ ಹುಟ್ಟಿತು, ಅದು ಲೆಕ್ಕದ ಆಸಕ್ತಿ. ಇದರಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು: 1930ರಲ್ಲಿ ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು, ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಇದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಸ್ವಾತಂತ್ರ್ಯಾನಂತರ ಮೊದಲ ಪಂಚವಾರ್ಷಿಕ ಯೋಜನೆಯಲ್ಲೇ ಕುಟುಂಬ ಯೋಜನೆ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಆದರೆ ಈ ಇಡೀ ಅವಧಿಯಲ್ಲಿ ಗರ್ಭನಿರೋಧದ ಪ್ರತಿಪಾದಕರು ಗರ್ಭಪಾತದಿಂದ ದೂರವೇ ನಿಂತರು. ಸರಿಯಾದ ನಿರೋಧವಿದ್ದರೆ ಗರ್ಭಪಾತ ಬೇಕಾಗುವುದಿಲ್ಲ ಎಂಬುದೇ ಅವರ ವಾದದ ಗಟ್ಟಿ ಭಾಗವಾಗಿತ್ತು. ಇತ್ತ ನಾಟಿ ಮದ್ದು, ಕಡ್ಡಿಗಳ ಆಸರೆಯಲ್ಲಿ ನಡೆಯುತ್ತಿದ್ದುದು ನಡೆಯುತ್ತಲೇ ಇತ್ತು, ಅದರಿಂದ ನಂಜೇರಿದವರು ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಿಗೆ ಬಂದು ಬೀಳುತ್ತಿದ್ದರು.

ಈ ಎರಡು ಧಾರೆಗಳು ಕೂಡಿದ್ದು 1964ರಲ್ಲಿ. ಕೇಂದ್ರ ಕುಟುಂಬ ಯೋಜನಾ ಮಂಡಳಿಯ ಸೂಚನೆಯಂತೆ, ಮಹಾರಾಷ್ಟ್ರದ ಆರೋಗ್ಯ ಸಚಿವರಾಗಿದ್ದ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ಸಮಿತಿಯೊಂದನ್ನು ನೇಮಿಸಿತು, ಅದು 1966ರ ಡಿಸೆಂಬರಿನಲ್ಲಿ ವರದಿ ಒಪ್ಪಿಸಿತು. ಐವತ್ತು ಕೋಟಿ ಜನಸಂಖ್ಯೆಯ ದೇಶದಲ್ಲಿ ವರ್ಷಕ್ಕೆ ಸುಮಾರು 65 ಲಕ್ಷ ಗರ್ಭಪಾತಗಳಾಗುತ್ತವೆ, ಅವುಗಳಲ್ಲಿ 39 ಲಕ್ಷ ಮಾಡಿಸಿಕೊಂಡವು, ಉಳಿದವು ತಾವಾಗಿ ಆದವು ಎಂದು ಸಮಿತಿ ಅಂದಾಜಿಸಿತು. ಇದು ಎಣಿಸಿದ ಲೆಕ್ಕವಲ್ಲ, ಕೆಲವು ಊಹೆಗಳ ಮೇಲೆ ಕಟ್ಟಿದ ಗುಣಾಕಾರ. ಆದರೂ ಕಾನೂನಿನ ಕಣ್ಣು ತಪ್ಪಿಸಿ ನಡೆಯುವ ಕೆಲಸದ ಗಾತ್ರ ಎಷ್ಟಿರಬಹುದೆಂದು ಅದು ಸಂಸತ್ತಿಗೆ ತೋರಿಸಿಕೊಟ್ಟಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಗರ್ಭಪಾತಕ್ಕೆ ಬರುವವರಲ್ಲಿ ಬಹುಪಾಲು ಮದುವೆಯಾದವರು, ಬಸಿರನ್ನು ಮುಚ್ಚಿಡುವ ಅಗತ್ಯವಿಲ್ಲದವರು ಎಂಬುದು. ವಿಧವೆಯ ಕಳಂಕದ ಕಥೆಯಾಗಿ ಶತಮಾನವಿಡೀ ಚರ್ಚೆಯಾಗಿದ್ದ ಸಂಗತಿ ಇಲ್ಲಿ ಮೂರು ನಾಲ್ಕು ಮಕ್ಕಳ ತಾಯಿಯ ದಣಿವಿನ ಕಥೆಯಾಗಿ ಬದಲಾಯಿತು. ಜನಸಂಖ್ಯೆ ಇಳಿಸಲೆಂದು ಗರ್ಭಪಾತವನ್ನು ಕಾನೂನುಬದ್ಧಗೊಳಿಸುವುದು ಕಾರ್ಯಸಾಧ್ಯವಲ್ಲ, ಅದು ಗರ್ಭನಿರೋಧದ ಕೆಲಸಕ್ಕೇ ಕುತ್ತು ತರಬಹುದು ಎಂದೂ ಸಮಿತಿ ಎಚ್ಚರಿಸಿತ್ತು. ಸಮಿತಿಯನ್ನು ಕೇಳಿದ್ದು ಕುಟುಂಬ ಯೋಜನಾ ಮಂಡಳಿ, ಮುಂದೆ ಮಸೂದೆಯ ಪರ ಗಟ್ಟಿಯಾಗಿ ನಿಂತ ಆರೋಗ್ಯ ಸಚಿವ ಎಸ್. ಚಂದ್ರಶೇಖರ್ ಜನಸಂಖ್ಯಾಶಾಸ್ತ್ರಜ್ಞರು ಎಂಬುದನ್ನು ಗಮನಿಸಿದರೆ, ಆ ಎಚ್ಚರಿಕೆಯನ್ನು ಯಾರನ್ನು ಉದ್ದೇಶಿಸಿ ಬರೆದಿರಬೇಕೆಂದು ಊಹಿಸುವುದು ಕಷ್ಟವಲ್ಲ.

1969ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ 1971ರ ಆಗಸ್ಟಿನಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆಯಾಗಿ, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತವನ್ನು ಹಕ್ಕೆಂದು ಒಪ್ಪಿದ ರೋ ವರ್ಸಸ್ ವೇಡ್ ತೀರ್ಪು ಕೊಟ್ಟದ್ದು ಅದರ ನಂತರ, 1973ರ ಜನವರಿಯಲ್ಲಿ. ಅಲ್ಲಿ ಅರ್ಧ ಶತಮಾನ ಚುನಾವಣೆಗಳನ್ನೇ ಅಲುಗಾಡಿಸಿದ ವಿಷಯ ಇಲ್ಲಿ ಬೀದಿಗಿಳಿಯದೆ ಕಾನೂನಾಯಿತು. ಭಾರತೀಯರ ಉದಾರತೆ ಇದಕ್ಕೆ ಕಾರಣವೆಂದು ಕೆಲವೊಮ್ಮೆ ಹೆಮ್ಮೆಪಡಲಾಗುತ್ತದೆ, ಆದರೆ ಹೆಣ್ಣಿನ ಹಕ್ಕು ಎಂಬ ಮಾತನ್ನು ಕಾಯ್ದೆ ಎತ್ತದೆ ಇದ್ದುದೇ ಹೆಚ್ಚು ಸಂಭವನೀಯ ಕಾರಣ. ಕಾಯ್ದೆ ಮಾತಾಡಿದ್ದು ವೈದ್ಯನೊಂದಿಗೆ. ನೋಂದಾಯಿತ ವೈದ್ಯ ಸದ್ಭಾವನೆಯಿಂದ ಗರ್ಭಪಾತ ಮಾಡಿದರೆ ದಂಡಸಂಹಿತೆಯಲ್ಲಿ ಏನೇ ಇದ್ದರೂ ಆತ ಅಪರಾಧಿಯಲ್ಲ ಎಂದು ಅದು ಅಭಯ ಕೊಟ್ಟಿತು. ಹನ್ನೆರಡು ವಾರಗಳವರೆಗೆ ಒಬ್ಬ ವೈದ್ಯರ, ಅಲ್ಲಿಂದ ಇಪ್ಪತ್ತು ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕೆಂದಿತು. ತಾಯಿಯ ಜೀವಕ್ಕೆ ಅಪಾಯ, ಅವಳ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ, ಹುಟ್ಟುವ ಮಗುವಿಗೆ ಗಂಭೀರ ಊನ ಎಂಬ ಕಾರಣಗಳನ್ನು ಅದು ಮುಂದಿಟ್ಟಿತು. ಅತ್ಯಾಚಾರದಿಂದಾದ ಬಸಿರಿನ ಸಂಕಟವನ್ನು ಮಾನಸಿಕ ಹಾನಿಯೆಂದೇ ಭಾವಿಸಬೇಕೆಂದು ಒಂದು ವಿವರಣೆ ಹೇಳಿದರೆ, ಮಕ್ಕಳ ಸಂಖ್ಯೆ ಮಿತಗೊಳಿಸಲು ವಿವಾಹಿತ ಸ್ತ್ರೀ ಅಥವಾ ಆಕೆಯ ಗಂಡ ಬಳಸಿದ ಗರ್ಭನಿರೋಧಕ ಕೈಕೊಟ್ಟರೆ ಆ ಸಂಕಟವನ್ನೂ ಹಾಗೆಯೇ ಭಾವಿಸಬಹುದೆಂದು ಇನ್ನೊಂದು ಹೇಳಿತು. ಶಾ ಸಮಿತಿ ಮುಂಬಾಗಿಲಲ್ಲಿ ತಡೆದಿದ್ದ ಕುಟುಂಬ ಯೋಜನೆ ಈ ಹಿತ್ತಿಲ ಬಾಗಿಲಿನಿಂದ ಒಳಬಂದಿತು. ಆದರೂ ಒಂದು ವಿಷಯದಲ್ಲಿ ಕಾಯ್ದೆ ತನ್ನ ಕಾಲಕ್ಕಿಂತ ಮುಂದಿತ್ತೆನ್ನಬೇಕು: ಹದಿನೆಂಟು ತುಂಬಿದ, ಮಾನಸಿಕ ಅಸ್ವಸ್ಥತೆಯಿಲ್ಲದ ಹೆಂಗಸಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಆಸ್ಪತ್ರೆಗಳಲ್ಲಿ ಗಂಡನನ್ನು ಕರೆತರಲು ಹೇಳುವ ರೂಢಿ ಇದ್ದರೆ ಅದು ಕಾನೂನಿನದಲ್ಲ.

ಸರ್ಕಾರದ ಲೆಕ್ಕದ ಆಸಕ್ತಿ ಯಾವ ಮಟ್ಟಕ್ಕೆ ಹೋಗಬಲ್ಲದು ಎಂಬುದನ್ನು ತುರ್ತುಪರಿಸ್ಥಿತಿಯ ಸಂತಾನಹರಣ ಚಿಕಿತ್ಸಾ ಶಿಬಿರಗಳು ತೋರಿಸಿದವು. ಅದರ ಬೆನ್ನಿಗೇ, ಯಾರೂ ನಿರೀಕ್ಷಿಸದ ಕಡೆಯಿಂದ ಇನ್ನೊಂದು ಸಮಸ್ಯೆ ಎದ್ದಿತು. ಗರ್ಭಚೀಲದ ನೀರನ್ನು ಸೂಜಿಯಿಂದ ತೆಗೆದು ಭ್ರೂಣದ ದೋಷ ಪತ್ತೆಹಚ್ಚುವ ಪರೀಕ್ಷೆ ಎಪ್ಪತ್ತರ ದಶಕದಲ್ಲಿ ದೇಶಕ್ಕೆ ಬಂದಾಗ ಅದರ ಮುಖ್ಯ ಉಪಯೋಗ ಲಿಂಗ ತಿಳಿಯುವುದಾಗಿಬಿಟ್ಟಿತು, ಅಲ್ಟ್ರಾಸೌಂಡ್ ಬಂದ ಮೇಲೆ ಅದು ಅಗ್ಗವೂ ಸುಲಭವೂ ಆಯಿತು. ಮುಂಬಯಿಯ ಮಹಿಳಾ ಗುಂಪುಗಳ ಹೋರಾಟದಿಂದ ಮಹಾರಾಷ್ಟ್ರ 1988ರಲ್ಲಿ, ಕೇಂದ್ರ ಸರ್ಕಾರ 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸಿದವು. ಆದರೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರ ಜನಗಣತಿಯಲ್ಲಿ 945 ಇದ್ದದ್ದು 2001ರಲ್ಲಿ 927ಕ್ಕೆ ಇಳಿಯಿತು. ಗರ್ಭಪಾತದ ಹಕ್ಕನ್ನು ಬಯಸುವವರೇ ಒಂದು ಬಗೆಯ ಗರ್ಭಪಾತಕ್ಕೆ ಸರ್ಕಾರದ ಕಟ್ಟುನಿಟ್ಟಿನ ನಿಗಾ ಕೇಳಬೇಕಾಗಿ ಬಂದ ಈ ಪೇಚು ಭಾರತದ ಚರ್ಚೆಯನ್ನು ಪಶ್ಚಿಮದ ಚರ್ಚೆಯಿಂದ ಬೇರೆ ಮಾಡಿತು. ನಿಗಾ ಬಿಗಿಯಾದಂತೆ ನ್ಯಾಯವಾದ ಕಾರಣಕ್ಕೆ ಬಂದವರನ್ನೂ ವೈದ್ಯರು ಅಂಜಿ ವಾಪಸು ಕಳಿಸತೊಡಗಿದರು. ದಂಧೆ ಮಾಡುವವರಿಗೆ ಮಾತ್ರ ಜಾಗ ಸಿಗುತ್ತಲೇ ಇತ್ತು. 2023ರ ಕೊನೆಯಲ್ಲಿ ಬಯಲಾದ ಜಾಲವೊಂದು ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತೆಂಬ ಸುದ್ದಿ ಕರ್ನಾಟಕವನ್ನು ಬೆಚ್ಚಿಬೀಳಿಸಿತು.

ಹಕ್ಕಿನ ಭಾಷೆ ಈ ಕಥೆಯೊಳಗೆ ಬಂದದ್ದು ಸಂಸತ್ತಿನಿಂದಲ್ಲ, ನ್ಯಾಯಾಲಯದಿಂದ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಬೌದ್ಧಿಕ ಅಸಾಮರ್ಥ್ಯವುಳ್ಳ ಹೆಣ್ಣೊಬ್ಬಳು ಬಸಿರಾಗಿ, ಮಗು ಬೇಕೆಂದು ಅವಳೂ ಬೇಡವೆಂದು ಆಡಳಿತವೂ ಹೇಳಿದಾಗ, 2009ರಲ್ಲಿ ಸುಪ್ರೀಂ ಕೋರ್ಟು ಅವಳ ಪರ ನಿಂತು, ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದಿತು. ಗರ್ಭಪಾತದ ಹಕ್ಕಿನ ಬೀಜ ಹೀಗೆ ಹೆರಲು ಬಯಸಿದವಳ ಮೊಕದ್ದಮೆಯಲ್ಲಿ ಬಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯಕ್ಕೆ ಹೂಡಿದ್ದ ದಾವೆಯಲ್ಲಿ 2017ರಲ್ಲಿ ಬಂದ ಖಾಸಗಿತನದ ತೀರ್ಪು ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. 2021ರ ತಿದ್ದುಪಡಿ ಒಬ್ಬ ವೈದ್ಯರ ಮಿತಿಯನ್ನು ಇಪ್ಪತ್ತು ವಾರಗಳಿಗೂ, ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಬಸಿರಿನಲ್ಲೇ ವಿಧವೆಯಾದವರು ಮೊದಲಾದವರಿಗೆ ಇಬ್ಬರು ವೈದ್ಯರ ಮಿತಿಯನ್ನು ಇಪ್ಪತ್ನಾಲ್ಕು ವಾರಗಳಿಗೂ ಏರಿಸಿತು; ‘ಗಂಡ’ ಎಂದಿದ್ದ ಕಡೆ ‘ಸಂಗಾತಿ’ ಎಂದು ಬರೆಯಿತು. ಅಮೆರಿಕದ ಕೋರ್ಟು ರೋ ತೀರ್ಪನ್ನು ತಳ್ಳಿಹಾಕಿದ ಮೂರು ತಿಂಗಳಿಗೆ, 2022ರ ಸೆಪ್ಟೆಂಬರ್ 29ರಂದು, ಭಾರತದ ಸುಪ್ರೀಂ ಕೋರ್ಟು ಅವಿವಾಹಿತೆಯನ್ನು ಈ ಸೌಲಭ್ಯದಿಂದ ಹೊರಗಿಡುವಂತಿಲ್ಲ ಎಂದು ಹೇಳಿತು.

ಆದರೆ ಮಿತಿಯಾಚೆಗೆ ಹೋದವರ ಪಾಲಿಗೆ ಹಳೆಯ ಅನುಕ್ರಮವೇ ಉಳಿದಿತ್ತು. 2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು, ಹಿಂದಿನ ಹೆರಿಗೆಯ ನಂತರದ ಮಾನಸಿಕ ಕಾಯಿಲೆಯಿಂದ ಇನ್ನೂ ಬಳಲುತ್ತಿದ್ದವರು, ಬಸಿರಾದದ್ದು ತಡವಾಗಿ ತಿಳಿದು ಇಪ್ಪತ್ತಾರನೆಯ ವಾರದಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಹಿಮಾ ಕೊಹ್ಲಿ ಮತ್ತು ಬಿ.ವಿ. ನಾಗರತ್ನ ಎಂಬ ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಪೀಠ ಮೊದಲು ಅನುಮತಿ ಕೊಟ್ಟಿತು; ಭ್ರೂಣದ ಎದೆಬಡಿತ ನಿಲ್ಲಿಸಬೇಕೇ ಎಂದು ಏಮ್ಸ್ ವೈದ್ಯರು ಸ್ಪಷ್ಟೀಕರಣ ಕೇಳಿದ ಮೇಲೆ ಪೀಠ ಇಬ್ಭಾಗವಾಯಿತು. ಕರ್ನಾಟಕದವರಾದ ನಾಗರತ್ನ ಅವರು ತಾಯಿಯ ತೀರ್ಮಾನವನ್ನು ಗೌರವಿಸಬೇಕೆಂದು ನಿಂತರು, ಕೊಹ್ಲಿಯವರು ಒಪ್ಪಲಿಲ್ಲ. ಅಕ್ಟೋಬರ್ 16ರಂದು ಮುಖ್ಯ ನ್ಯಾಯಮೂರ್ತಿಗಳ ನೇತೃತ್ವದ ಮೂವರ ಪೀಠ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣಕ್ಕೆ ಊನವಿಲ್ಲ, ಇಪ್ಪತ್ನಾಲ್ಕು ವಾರ ಮೀರಿದೆ ಎಂದು ಅನುಮತಿ ನಿರಾಕರಿಸಿತು. ಹೆರಿಗೆಯ ವೆಚ್ಚ ಸರ್ಕಾರದ್ದು, ಮಗುವನ್ನು ದತ್ತು ಕೊಡುವ ನಿರ್ಧಾರ ಹೆತ್ತವರದ್ದು ಎಂದೂ ಆದೇಶದಲ್ಲಿತ್ತು.