ಮುಳಬಾಗಿಲಿನ ರಾಜ್ಯಮೀಮಾಂಸಕ

1970ರ ಮಾರ್ಚ್ 17ರಂದು ಸಿಡ್ಕೊ ಸಂಸ್ಥೆ ಹುಟ್ಟಿತು. ಥಾಣೆ ಖಾರಿಯ ಈಚೆ ದಡದಲ್ಲಿ, ಭತ್ತದ ಗದ್ದೆಗಳೂ ಉಪ್ಪಿನ ಆಗರಗಳೂ ಇದ್ದ ನೆಲದಲ್ಲಿ, ಹೊಸ ನಗರವೊಂದನ್ನು ಎಬ್ಬಿಸುವ ಹೊಣೆಯನ್ನು ಅದು ಹೊತ್ತಿತು. ನವಿ ಮುಂಬಯಿಯ ನಮ್ಮ ನೆರೂಳಕ್ಕೆ ಇಂದಿನ ರೂಪ ಬಂದದ್ದು ಆ ಸಂಕಲ್ಪದಿಂದ. ಅದೇ ದಿನ ದೂರದ ಬೆಂಗಳೂರಿನಲ್ಲಿ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರಿಗೆ, ಅಂದರೆ ಡಿ.ವಿ.ಜಿ.ಯವರಿಗೆ, ಎಂಬತ್ತಮೂರು ತುಂಬಿತ್ತು. ಊರನ್ನು ಸರ್ಕಾರ ಕಟ್ಟಿಸಬಹುದು, ಪೌರನನ್ನು ಯಾರು ಕಟ್ಟಬೇಕು ಎಂಬ ಪ್ರಶ್ನೆಗೆ ಆಯುಷ್ಯವನ್ನೇ ತೆತ್ತ ಪುರುಷ ಅವರು. ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಲ್ಲಿ ಅವರ ‘ಮಂಕುತಿಮ್ಮನ ಕಗ್ಗ’ ದೇವರ ಪಟದ ಪಕ್ಕದಲ್ಲೇ ಇರುವುದುಂಟು. ಅವರ ‘ರಾಜ್ಯಶಾಸ್ತ್ರ’ಕ್ಕೆ ಆ ಭಾಗ್ಯ ಒದಗಿಲ್ಲ.

ಡಿ.ವಿ.ಜಿ.ಯವರ ಚಿಂತನೆ ಹುಟ್ಟಿದ ನೆಲವನ್ನು ತಿಳಿಯಬೇಕಾದರೆ ಮೈಸೂರಿನ ಸಿಂಹಾಸನದ ಏಳುಬೀಳುಗಳನ್ನು ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪುಸುಲ್ತಾನ ರಣರಂಗದಲ್ಲಿ ಮಡಿದ, ಒಡೆಯರ ವಂಶ ಕಂಪನಿಯ ನೆರಳಿನಲ್ಲಿ ಮತ್ತೆ ಪಟ್ಟವೇರಿತು. ನಗರ ಸೀಮೆಯ ರೈತರ ದಂಗೆಯನ್ನೇ ನೆವವಾಗಿಸಿಕೊಂಡು 1831ರಲ್ಲಿ ಬ್ರಿಟಿಷರು ರಾಜ್ಯಭಾರವನ್ನು ಕಿತ್ತುಕೊಂಡರು. ಐವತ್ತು ವರ್ಷಗಳ ಕಮಿಷನರ ಆಳಿಕೆ ಮುಗಿದು 1881ರಲ್ಲಿ ಅಧಿಕಾರ ಮರಳಿ ಅರಮನೆಗೆ ಬಂದಾಗ, ದಿವಾನ್ ರಂಗಾಚಾರ್ಲು ಅವರು ಅದೇ ವರ್ಷದ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ನೆರೆದವರು ನೂರನಾಲ್ವತ್ತನಾಲ್ಕು ಮಂದಿ, ಜಮೀನುದಾರರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಆದರೂ ದೊರೆಯ ಎದುರು ಪ್ರಜೆ ಎದ್ದು ನಿಂತು ಮಾತಾಡುವ ಪದ್ಧತಿ ಅಂದು ಬೇರುಬಿಟ್ಟಿತು. ಆರು ವರ್ಷಗಳ ನಂತರ, 1887ರಲ್ಲಿ, ಮುಳಬಾಗಿಲಿನಲ್ಲಿ ಗುಂಡಪ್ಪನವರ ಜನನ.

ವಿದ್ಯಾಲಯದ ಪದವಿ ಅವರಿಗೆ ಒಲಿಯಲಿಲ್ಲ. ಬದುಕು ಅರಸಿ ಬೆಂಗಳೂರಿಗೆ ಬಂದ ತರುಣ ಪತ್ರಿಕಾವೃತ್ತಿ ಹಿಡಿದ ದಿನಗಳಲ್ಲಿಯೇ, 1908ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಸರ್ಕಾರ ವೃತ್ತಪತ್ರಿಕಾ ಶಾಸನವನ್ನು ಹೊರಡಿಸಿತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕು. ಕೊಟ್ಟ ಅನುಮತಿಯನ್ನು ಸರ್ಕಾರ ಬಯಸಿದಾಗ ಹಿಂದೆಗೆಯಬಹುದು. ತಾತಯ್ಯ ವೆಂಕಟಕೃಷ್ಣಯ್ಯನವರಂಥ ಹಿರಿಯರು ಆ ಶಾಸನಕ್ಕೆ ತಲೆಬಾಗದೆ ಪತ್ರಿಕೆಗಳನ್ನೇ ನಿಲ್ಲಿಸಿದರು. ಒಂದು ಸಂಸ್ಥಾನದ ಬಾಯಿ ಕಟ್ಟಿಹೋದುದನ್ನು ಇಪ್ಪತ್ತೊಂದರ ಯುವಕ ಕಣ್ಣಾರೆ ಕಂಡ. ಆ ಗಾಯ ಅವನಲ್ಲಿ ದ್ವೇಷವಾಗಿ ಕೀವುಗಟ್ಟದೆ ಜಿಜ್ಞಾಸೆಯಾಗಿ ಬೆಳೆದುದು ಕನ್ನಡಿಗರ ಪುಣ್ಯವೆಂದೇ ನಾನು ಭಾವಿಸುತ್ತೇನೆ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನಗಿರಿಗೆ ಬಂದ ಮರುವರ್ಷ, ಡಿ.ವಿ.ಜಿ.ಯವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ದಿವಾನರ ಮೇಲೆ ಅಪಾರ ಗೌರವವಿದ್ದರೂ ಅವರ ಸರ್ಕಾರವನ್ನು ವಿಮರ್ಶಿಸುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಮುಂಬಯಿ ಪ್ರಾಂತದ ಗೋಪಾಲಕೃಷ್ಣ ಗೋಖಲೆಯವರು ಅವರ ಪಾಲಿಗೆ ದೀಪಸ್ತಂಭ. ಸಾರ್ವಜನಿಕ ಕಾರ್ಯವನ್ನು ಆತ್ಮಸಾಧನೆಯ ಮಟ್ಟಕ್ಕೆ ಏರಿಸಬೇಕೆಂಬ ಗೋಖಲೆಯವರ ನಿಲುವನ್ನು ಡಿ.ವಿ.ಜಿ. ವ್ರತದಂತೆ ಪಾಲಿಸಿದರು.

ಅವರ ರಾಜಕೀಯ ಚಿಂತನೆಯ ಶಿಖರವಿರುವುದು ದೇಶೀಯ ಸಂಸ್ಥಾನಗಳ ಪ್ರಶ್ನೆಯಲ್ಲಿ. ಬ್ರಿಟಿಷ್ ಚಕ್ರಾಧಿಪತ್ಯಕ್ಕೂ ಐನೂರಕ್ಕೂ ಮೀರಿದ ಸಂಸ್ಥಾನಗಳಿಗೂ ಇರುವ ಸಂಬಂಧವೇನೆಂದು ವಿಚಾರಿಸಲು 1927ರ ಕೊನೆಯಲ್ಲಿ ಬಟ್ಲರ್ ಸಮಿತಿ ನೇಮಕವಾಯಿತು. ಮಹಾರಾಜರುಗಳ ವಾದವನ್ನು ಅದು ಆಲಿಸಿತು. ಸಂಸ್ಥಾನಗಳ ಪ್ರಜೆಗಳ ಪ್ರತಿನಿಧಿಗಳಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಕೋಟ್ಯಂತರ ಜನರ ಹಣೆಬರಹ ಬರೆಯುವ ಹೊತ್ತಿನಲ್ಲಿ ಆ ಜನರಿಗೇ ಹೊರಜಗಲಿ! ಈ ಅನ್ಯಾಯಕ್ಕೆ ಡಿ.ವಿ.ಜಿ. ಶಾಸ್ತ್ರದಿಂದಲೇ ಉತ್ತರ ಕೊಟ್ಟರು. ಭಾರತದ ರಾಜ್ಯಾಂಗದಲ್ಲಿ ಸಂಸ್ಥಾನಗಳಿಗೂ ಅವುಗಳ ಪ್ರಜೆಗಳಿಗೂ ಇರಬೇಕಾದ ಸ್ಥಾನವನ್ನು ವಿವೇಚಿಸಿ 1931ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಸಂಸ್ಥಾನವೆಂದರೆ ದೊರೆಯೊಬ್ಬನ ಮನೆಯಾಸ್ತಿಯಲ್ಲ, ಅದರೊಳಗೆ ಪ್ರಜೆಯೂ ಸೇರಿದ್ದಾನೆ ಎಂಬುದು ಅವರ ವಾದದ ತಿರುಳು. ಸಿಂಹಾಸನವನ್ನು ಉರುಳಿಸಬೇಕೆಂದು ಅವರು ಹೇಳಲಿಲ್ಲ. ಅದರ ಪಕ್ಕದಲ್ಲಿ ಪ್ರಜೆಗೆ ಪೀಠ ಹಾಕಿರೆಂದರು. ನಾಲ್ವಡಿ ಕೃಷ್ಣರಾಜ ಒಡೆಯರಂಥ ರಾಜರ್ಷಿಯ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲರಂಥ ಪ್ರತಾಪಶಾಲಿ ದಿವಾನರ ಎದುರಿನಲ್ಲಿ, ಶಾಸನಸಭೆಯ ಸದಸ್ಯರಾಗಿ ಅವರು ಇದನ್ನೇ ಪ್ರತಿಪಾದಿಸಿದರು. ಆದರೆ ಕಾಲವು ಪಂಡಿತರ ಹದವಾದ ಮಾತಿಗೆ ಕಾಯಲಿಲ್ಲ. 1938ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದವರ ಮೇಲೆ ಗುಂಡು ಹಾರಿತು. 1947ರಲ್ಲಿ ಚಳವಳಿ ಬೀದಿಬೀದಿಗೂ ಹಬ್ಬಿ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು.

ರಾಜರು ಹೋದರು, ಮತಪೆಟ್ಟಿಗೆ ಬಂದಿತು, ಡಿ.ವಿ.ಜಿ.ಯವರಿಗೆ ಕೆಲಸ ಮುಗಿಯಿತೆನಿಸಲಿಲ್ಲ. ಪಕ್ಷಪದ್ಧತಿಯ ಬಗೆಗೆ ಅವರಿಗೆ ಗಾಢವಾದ ಶಂಕೆಯಿತ್ತು. ಸ್ವಂತ ವಿವೇಕವನ್ನು ಪಕ್ಷಕ್ಕೆ ಅಡವಿಡುವವನಿಂದ ಲೋಕಹಿತವಾಗದೆಂಬ ಭಯ. ಈ ಮಾತಿನ ತೂಕ ನನಗೆ ತಿಳಿದದ್ದು ಯಾವ ವಿಧಾನಸೌಧದಲ್ಲೂ ಅಲ್ಲ, ನೆರೂಳದ ನಮ್ಮ ಕಟ್ಟಡದ ವಾರ್ಷಿಕ ಸಭೆಯಲ್ಲಿ. ಕಾರು ನಿಲ್ಲಿಸುವ ಜಾಗದಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು; ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿಕೆ; ಆಮೇಲೆ ಬಂದಷ್ಟೇ ಜನರಿಂದ ವರ್ಷದ ಲೆಕ್ಕಕ್ಕೆ ಒಪ್ಪಿಗೆ. ಮೇಲಿನ ಮನೆಗಳಲ್ಲಿ ದೀಪಗಳು ಉರಿಯುತ್ತಲೇ ಇದ್ದವು. ಅಂದು ರಾತ್ರಿ ‘ರಾಜ್ಯಶಾಸ್ತ್ರ’ವನ್ನು ತೆರೆದಾಗ, ಮೊದಲ ಸಭೆಯ ಆ ನೂರನಾಲ್ವತ್ತನಾಲ್ಕು ಮಂದಿ ಕಣ್ಣೆದುರು ಬಂದರು. ಅಧಿಕಾರವಿಲ್ಲದಿದ್ದರೂ ಅವರು ದಸರೆಗೆಂದು ದೂರದೂರದ ತಾಲ್ಲೂಕುಗಳಿಂದ ಬಂದು ಕೂತಿದ್ದರು.

ಡಿ.ವಿ.ಜಿ.ಯವರ ಚಿಂತನೆಗೂ ಎಲ್ಲೆಗಳಿದ್ದವು. ಅಧಿಕಾರದ ಪಾಲು ಯಾವ ಯಾವ ಸಮುದಾಯಕ್ಕೆ ಎಷ್ಟು ಎಂಬ ಪ್ರಶ್ನೆ 1918ರ ಮಿಲ್ಲರ್ ಸಮಿತಿಯ ಕಾಲಕ್ಕೇ ಮೈಸೂರನ್ನು ಅಲುಗಿಸಿತ್ತು, ಅದಕ್ಕೆ ಡಿ.ವಿ.ಜಿ.ಯವರ ಬರಹದಲ್ಲಿ ಸಿಗುವ ಉತ್ತರ ಸಾಲದು. ಆದರೆ ನಡೆಗೂ ನುಡಿಗೂ ಅಂತರವಿಲ್ಲದ ಬಾಳು ಅವರದು. 1945ರಲ್ಲಿ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಕಟ್ಟಿದರು. ಅಭಿಮಾನಿಗಳು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನೂ ಅದಕ್ಕೇ ಒಪ್ಪಿಸಿ ಕೈತೊಳೆದುಕೊಂಡರು. ಜನ ನೆಲದ ಮೇಲೆ ಕುಳಿತು ರಾಜ್ಯಾಂಗವನ್ನೂ ಗೀತೆಯನ್ನೂ ಒಂದೇ ಶ್ರದ್ಧೆಯಿಂದ ಕೇಳಬೇಕೆಂಬುದು ಅವರ ಆಸೆ.

1975ರ ಜೂನ್ 25ರ ರಾತ್ರಿ ದೇಶದ ಮೇಲೆ ತುರ್ತುಪರಿಸ್ಥಿತಿ ಕವಿಯಿತು. ಯೌವನದಲ್ಲಿ ಮೈಸೂರಿನ ಪತ್ರಿಕೆಗಳು ಮೂಕವಾದುದನ್ನು ಕಂಡಿದ್ದ ಹಿರಿಯರು, ಕೊನೆಗಾಲದಲ್ಲಿ ಸ್ವತಂತ್ರ ಭಾರತದ ಪತ್ರಿಕೆಗಳಿಗೂ ಬೀಗ ಬಿದ್ದುದನ್ನು ನೋಡಬೇಕಾಯಿತು. ಮೂರು ತಿಂಗಳ ಮೇಲೆ, ಅಕ್ಟೋಬರ್ 7ರಂದು, ಡಿ.ವಿ.ಜಿ. ಬೆಂಗಳೂರಿನಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಪ್ರಜೆಗಳ ಸಭೆ ಮೊದಲ ಸಲ ಕೂಡಿ ಅಂದಿಗೆ ಸರಿಯಾಗಿ ತೊಂಬತ್ತನಾಲ್ಕು ವರ್ಷ.