ಇಂಡಿಕ್ಯಾಮ್: ವರ್ಕ್‌ಸ್ಟೇಷನ್ ಜೊತೆಗೆ ಬಂದ ಕ್ಯಾಮೆರಾ

ಕ್ಯಾಲಿಫೋರ್ನಿಯಾದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1993ರಲ್ಲಿ ತನ್ನ ಇಂಡಿ ವರ್ಕ್‌ಸ್ಟೇಷನ್ ಜೊತೆಗೆ ಕೊಟ್ಟ ಬಣ್ಣದ ಡಿಜಿಟಲ್ ವಿಡಿಯೊ ಕ್ಯಾಮೆರಾದ ಹೆಸರು ಇಂಡಿಕ್ಯಾಮ್. ಜಿಮ್ ಕ್ಲಾರ್ಕ್ ಕಟ್ಟಿದ ಈ ಕಂಪನಿಯ ಯಂತ್ರಗಳು ಅಷ್ಟರಲ್ಲಾಗಲೇ ಸಿನಿಮಾ ಗ್ರಾಫಿಕ್ಸ್‌ಗೆ ಹೆಸರಾಗಿದ್ದವು. ‘ಜುರಾಸಿಕ್ ಪಾರ್ಕ್’ನ ಗ್ರಾಫಿಕ್ಸ್ ಡೈನೋಸಾರ್‌ಗಳು ಮೂಡಿದ್ದು ಅವುಗಳಲ್ಲೇ. ಇಂಡಿಯ ಆರಂಭಿಕ ಬೆಲೆ 4,995 ಡಾಲರ್. ಕಂಪನಿಯ ಉಳಿದ ಯಂತ್ರಗಳಿಗೆ ಹೋಲಿಸಿದರೆ ಅದು ಅಗ್ಗವೇ.

ಇಂಡಿಕ್ಯಾಮ್‌ಗೆ ಮೊದಲು ಕಂಪ್ಯೂಟರಿಗೆ ಚಲಿಸುವ ಚಿತ್ರ ತರಿಸುವುದು ಸುತ್ತುಬಳಸಿನ ಕೆಲಸವಾಗಿತ್ತು. ಅನಲಾಗ್ ಕ್ಯಾಮೆರಾದ ಸಂಕೇತವನ್ನು ಕಂಪ್ಯೂಟರಿನೊಳಗಿನ ಫ್ರೇಮ್ ಗ್ರ್ಯಾಬರ್ ಎಂಬ ಕಾರ್ಡ್ ಹಿಡಿದು ಅಂಕಿಗಳಾಗಿಸುತ್ತಿತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ 1991ರಲ್ಲಿ ಕಾಫಿ ಪಾತ್ರೆಯ ಮೇಲೆ ಕಣ್ಣಿಟ್ಟ ಪ್ರಸಿದ್ಧ ಕ್ಯಾಮೆರಾ ಕೆಲಸ ಮಾಡಿದ್ದೂ ಹೀಗೆಯೇ. ಅದರ ಚಿತ್ರ ಕಪ್ಪುಬಿಳುಪು, ಉದ್ದಗಲ 128 ಚುಕ್ಕೆ. ನಿಮಿಷಕ್ಕೆ ಸುಮಾರು ಮೂರು ಸಲ ಬದಲಾಗುತ್ತಿತ್ತು. ಕಾಫಿ ಮುಗಿದಿದೆಯೇ ಎಂದು ತಿಳಿಯಲು ಅಷ್ಟು ಸಾಕಾಗಿತ್ತು. ಎದುರಿನವರ ಮುಖ ನೋಡಿ ಮಾತಾಡಲು ಸಾಲದು.

ಇಂಡಿಕ್ಯಾಮ್‌ನ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಮಸೂರದ ಹಿಂದಿನ ಸಿಸಿಡಿ ಎಂಬ ಸಾಧನ ಬೆಳಕನ್ನು ವಿದ್ಯುದಾವೇಶವಾಗಿ ಹಿಡಿಯುತ್ತದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಈ ಸಾಧನಕ್ಕೆ 2009ರಲ್ಲಿ ನೊಬೆಲ್ ಬಂತು. ಆ ಆವೇಶ ಅಂಕಿಗಳಾಗುವುದು ಕ್ಯಾಮೆರಾದ ಒಡಲೊಳಗೇ; ಕೇಬಲ್‌ನಲ್ಲಿ ಹರಿಯುವುದು ಆಗಲೇ ಡಿಜಿಟಲ್ ಆಗಿರುವ ವಿಡಿಯೊ. ದಾರಿಯಲ್ಲಿ ಚಿತ್ರ ಕೆಡುವ ಭಯವಿಲ್ಲ, ಬೇರೆ ಕಾರ್ಡ್ ಬೇಕಿಲ್ಲ. ಸೆಕೆಂಡಿಗೆ 30 ಚಿತ್ರ, ಪ್ರತಿಯೊಂದೂ 640 ಚುಕ್ಕೆ ಅಡ್ಡ, 480 ಚುಕ್ಕೆ ಉದ್ದ. ಬೇಡವಾದಾಗ ಮಸೂರ ಮುಚ್ಚಲು ಸರಿಸುವ ಮುಚ್ಚಳವೂ ಇತ್ತು. ವಿನ್ಯಾಸಕರ ಈ ಮುಂದಾಲೋಚನೆ ಮೆಚ್ಚತಕ್ಕದ್ದು.

ಚಿತ್ರದ ಅಳತೆ, ವೇಗಗಳ ಈ ಸಂಖ್ಯೆಗಳನ್ನು ಗುಣಿಸಿ ನೋಡಿದರೆ ಆ ಕಾಲದ ತೊಡಕು ಅರ್ಥವಾಗುತ್ತದೆ. ಒಂದು ಚಿತ್ರಕ್ಕೆ 3,07,200 ಚುಕ್ಕೆ. ಚುಕ್ಕೆಗೆ ಎರಡು ಬೈಟ್ ಹಿಡಿದರೂ ಸೆಕೆಂಡಿಗೆ 1.84 ಕೋಟಿ ಬೈಟ್. ಇಂಡಿಯ ಅಗ್ಗದ ಮಾದರಿಯಲ್ಲಿದ್ದ ಮೆಮೊರಿ 16 ಮೆಗಾಬೈಟ್. ಒಂದೇ ಸೆಕೆಂಡಿನೊಳಗೆ ಅದು ತುಂಬಿಹೋಗುತ್ತದೆ. ಹೊರಗೆ ಕಳಿಸಲು ಇದ್ದ ಈಥರ್ನೆಟ್‌ನ ವೇಗ ಸೆಕೆಂಡಿಗೆ 10 ಮೆಗಾಬಿಟ್, ಬೇಕಾದದ್ದು 147. ಐಎಸ್‌ಡಿಎನ್ ದೂರವಾಣಿ ಮಾರ್ಗದಲ್ಲಂತೂ 128 ಕಿಲೋಬಿಟ್ ಮಾತ್ರ. ಹಾಗಾಗಿ ಇನ್‌ಪರ್ಸನ್ ಎಂಬ ವಿಡಿಯೊ ಸಭೆಯ ತಂತ್ರಾಂಶ ಚಿತ್ರವನ್ನು ಕುಗ್ಗಿಸಿಯೇ ಕಳಿಸಬೇಕಿತ್ತು. ಕುಗ್ಗಿಸುವ ಕೆಲಸಕ್ಕೆಂದೇ ಕಾಸ್ಮೊ ಕಂಪ್ರೆಸ್ ಎಂಬ ಕಾರ್ಡ್ ಪ್ರತ್ಯೇಕ ಬೆಲೆಗೆ ಸಿಗುತ್ತಿತ್ತು.

ಕನೆಕ್ಟಿಕ್ಸ್ ಕಂಪನಿಯ ಕ್ವಿಕ್‌ಕ್ಯಾಮ್ 1994ರಲ್ಲಿ ಬಂದಾಗ ಹಿಡಿದದ್ದು ತದ್ವಿರುದ್ಧ ದಾರಿ: 320ಕ್ಕೆ 240 ಚುಕ್ಕೆ, ಬೂದುಬಣ್ಣದ 16 ಛಾಯೆ, ಸೆಕೆಂಡಿಗೆ ಸುಮಾರು 15 ಚಿತ್ರ, ಬೆಲೆ ಸುಮಾರು 100 ಡಾಲರ್. ಸಾಮಾನ್ಯರ ಮನೆ ಸೇರಿದ್ದು ಇದೇ. ಇಂಡಿಕ್ಯಾಮ್ ವರ್ಕ್‌ಸ್ಟೇಷನ್ ಇದ್ದವರ ಮೇಜಿನಲ್ಲೇ ಉಳಿಯಿತು. ಆದರೂ ಅದರ ಅಳತೆ ಹಳತಾಗಲಿಲ್ಲ. 2003ರಲ್ಲಿ ಆಪಲ್ ತಂದ ಐಸೈಟ್ ಕ್ಯಾಮೆರಾ ಕೊಟ್ಟದ್ದೂ 640ಕ್ಕೆ 480 ಚುಕ್ಕೆಗಳ 30 ಚಿತ್ರಗಳನ್ನೇ.