ಬಹರೈನ್: ಊರ ಕ್ಲಬ್ಬುಗಳು ಮತ್ತು ಯುವಜನ

ದಾರಿ ತಪ್ಪಬಹುದಾದ ಹುಡುಗರನ್ನು ಆಟದ ನೆಪದಲ್ಲಿ ಹತ್ತಿರ ಕರೆದು ತಿದ್ದುವ ಕೆಲಸ ಬಹರೈನಿನಲ್ಲಿ ಸರ್ಕಾರಿ ಯೋಜನೆಯಾಗಿ ಹುಟ್ಟಿದ್ದಲ್ಲ. ಅದನ್ನು ಮೊದಲು ಹೊತ್ತುಕೊಂಡದ್ದು ಕೇರಿ, ಹಳ್ಳಿಗಳ ಕ್ಲಬ್ಬುಗಳು.

ಮುಹರ್ರಕ್ ಪಟ್ಟಣದಲ್ಲಿ 1919ರಲ್ಲಿ ಅಲ್ ಹಿದಾಯಾ ಶಾಲೆ, 1928ರಲ್ಲಿ ಮುಹರ್ರಕ್ ಕ್ಲಬ್ಬು ಆರಂಭವಾದವು. ಅದುವರೆಗೆ ಹುಡುಗರು ಮುತ್ತಿನ ದೋಣಿಗಳಲ್ಲಿ ಹಿರಿಯರ ಕಣ್ಣೆದುರೇ ಕಸುಬು ಕಲಿತು ಬೆಳೆಯುತ್ತಿದ್ದರು. ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದು, ವಿಶ್ವದ ಆರ್ಥಿಕ ಕುಸಿತವೂ ಸೇರಿ, ಮುತ್ತಿನ ವ್ಯಾಪಾರ ನೆಲಕಚ್ಚಿತು. 1932ರಲ್ಲಿ ತೈಲ ಸಿಕ್ಕಿತು. ಕೂಲಿ ಬಂತು, ಹಿರಿಯರ ಹಿಡಿತ ಸಡಿಲವಾಯಿತು. ಆ ಖಾಲಿ ಜಾಗವನ್ನು ಬಹುಮಟ್ಟಿಗೆ ತುಂಬಿದ್ದು ಕ್ಲಬ್ಬುಗಳೇ ಎನ್ನಬೇಕು. ಅಲ್ಲಿ ಫುಟ್‌ಬಾಲಿನ ಜೊತೆಗೆ ಪತ್ರಿಕೆ ಓದು, ಉಪನ್ಯಾಸ, ಚರ್ಚೆ ಎಲ್ಲವೂ ಇದ್ದವು. ಹಾಗಾಗಿ ನಾಯಕತ್ವವೂ ಅಲ್ಲೇ ಮೊಳೆಯಿತು. 1954ರಿಂದ 56ರವರೆಗಿನ ರಾಷ್ಟ್ರೀಯ ಚಳವಳಿ, ಸುನ್ನಿ, ಶಿಯಾ ಎರಡೂ ಸಮುದಾಯದವರನ್ನು ಒಟ್ಟುಗೂಡಿಸಿದ ಅಪರೂಪದ ಹೋರಾಟ, ಕ್ಲಬ್ಬುಗಳಿಂದ ಬಲ ಪಡೆಯಿತು. ಅದರ ಮೂವರು ಮುಖಂಡರನ್ನು, ಆಗ ಬಹರೈನಿನ ಮೇಲೆ ಹಿಡಿತ ಹೊಂದಿದ್ದ ಬ್ರಿಟಿಷರು ಸೇಂಟ್ ಹೆಲೆನಾ ದ್ವೀಪಕ್ಕೆ ಸಾಗಿಸಿದರು.

ದೇಶದ ಫುಟ್‌ಬಾಲ್ ಸಂಸ್ಥೆ 1957ರಲ್ಲಿ ರೂಪುಗೊಂಡಿತು. ಕೊಲ್ಲಿ ದೇಶಗಳ ಫುಟ್‌ಬಾಲ್ ಪಂದ್ಯಾವಳಿಯಾದ ಗಲ್ಫ್ ಕಪ್ ಮೊದಲ ಬಾರಿಗೆ 1970ರಲ್ಲಿ ಬಹರೈನಿನಲ್ಲೇ ನಡೆಯಿತು. 1989ರ 21ನೇ ಶಾಸನ ಸಂಘ, ಕ್ಲಬ್ಬುಗಳನ್ನು ಸರ್ಕಾರದ ನಿಗಾಕ್ಕೆ ತಂದು, ಅವುಗಳಲ್ಲಿ ರಾಜಕೀಯವನ್ನು ನಿಷೇಧಿಸಿತು.

ಹಳ್ಳಿಗಳ ಕಥೆಯಲ್ಲಿ ಹ್ಯಾಂಡ್‌ಬಾಲಿಗೆ ವಿಶೇಷ ಸ್ಥಾನವಿದೆ. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ, ಒಂದು ಕಡೆಗೆ ಏಳು ಮಂದಿ: ಇಷ್ಟಿದ್ದರೆ ಸಣ್ಣ ಊರೂ ತಂಡ ಕಟ್ಟಬಹುದು. ಉತ್ತರ ಕರಾವಳಿಯ ಬಾರ್ಬಾರ್ ಹಳ್ಳಿಯ ಕ್ಲಬ್ಬು ದೇಶದ ಬಲಿಷ್ಠ ತಂಡಗಳಲ್ಲಿ ಒಂದಾಯಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬಹರೈನ್ ಪುರುಷರ ತಂಡ ಕ್ವಾರ್ಟರ್ ಫೈನಲ್ ತಲುಪಿತು. ಇಷ್ಟು ಪುಟ್ಟ ದೇಶಕ್ಕೆ ಇದು ದೊಡ್ಡ ಸಾಧನೆ. ರಂಜಾನ್ ತಿಂಗಳಲ್ಲಂತೂ ಇಫ್ತಾರ್ ಮುಗಿದು, ತರಾವೀಹ್ ನಮಾಜಾದ ಮೇಲೆ, ದೀಪದ ಬೆಳಕಿನಲ್ಲಿ ಕೇರಿ ಕೇರಿಗಳ ಪಂದ್ಯ ನಡೆಯುತ್ತದೆ. ಹಗಲೆಲ್ಲ ಉಪವಾಸವಿದ್ದ ಹುಡುಗರು ತಡರಾತ್ರಿಯವರೆಗೂ ಆಡುತ್ತಾರೆ. ಹೊತ್ತು ಕಳೆಯಲು ಬೀದಿಬದಿ ಕೂರುವವರಿಗೂ ಆಗ ಒಂದು ತಂಡ, ಒಂದು ಜವಾಬ್ದಾರಿ ಸಿಗುತ್ತದೆ.

ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆದದ್ದು ತಡವಾಗಿ, ಅದೂ ಅರ್ಧವೇ. 2006ರ ದೋಹಾ ಏಷ್ಯನ್ ಕ್ರೀಡಾಕೂಟದ 200 ಮೀಟರ್ ಓಟದಲ್ಲಿ ಚಿನ್ನ ಗೆದ್ದ ರುಕಯ್ಯಾ ಅಲ್ ಘಸರಾ ಅನೇಕ ಹುಡುಗಿಯರಿಗೆ ಮಾದರಿಯಾದರು.

2011ರ ಸರ್ಕಾರ ವಿರೋಧಿ ಪ್ರತಿಭಟನೆಗಳ ನಂತರದ ಬಂಧನಗಳು ಈ ಪರಂಪರೆಗೆ ಬಿದ್ದ ದೊಡ್ಡ ಪೆಟ್ಟು. 2004ರ ಏಷ್ಯಾ ಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಲ್ಲಿ ಒಬ್ಬರಾದ ಅಲಾ ಹುಬೈಲ್, ಅವರ ಸಹೋದರ ಮೊಹಮ್ಮದ್ ಸೇರಿದಂತೆ ಹಲವು ಆಟಗಾರರು ಬಂಧಿತರಾದರು. ಹುಡುಗರು ಯಾರನ್ನು ನೋಡಿ ಕಲಿಯುತ್ತಿದ್ದರೋ ಅವರೇ ಜೈಲು ಸೇರಿದ್ದು ಊರುಗಳಲ್ಲಿ ಉಳಿಸಿದ ನೋವು ಸಣ್ಣದಲ್ಲ.

ಕ್ಲಬ್ಬುಗಳು ಹೊತ್ತಿದ್ದ ತಿದ್ದುವ ಆಲೋಚನೆ ಮುಂದೆ ಕಾನೂನಿನಲ್ಲೂ ಕಾಣಿಸಿತು. 2017ರಲ್ಲಿ ಸೆರೆವಾಸಕ್ಕೆ ಬದಲಾಗಿ ಸಮುದಾಯ ಸೇವೆ, ತರಬೇತಿಗಳನ್ನು ವಿಧಿಸಲು ಅವಕಾಶ ಕೊಟ್ಟ ಕಾನೂನು ಬಂತು. ಮಕ್ಕಳಿಗಾಗಿಯೇ ರೂಪಿಸಿದ, ಶಿಕ್ಷೆಗಿಂತ ತಿದ್ದುವುದಕ್ಕೆ ಒತ್ತು ಕೊಡುವ ಪುನಃಸ್ಥಾಪಕ ನ್ಯಾಯದ ಕಾನೂನು ಬಂದದ್ದು 2021ರಲ್ಲಿ. ಅದು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, 15ರೊಳಗಿನವರನ್ನು ಅಪರಾಧ ಹೊಣೆಯಿಂದ ಹೊರಗಿಟ್ಟಿತು.